ಹಾಸನೂರಿನ ದಾರಿಯಲ್ಲಿ ಒಂದು ವಾದ



ಚಾಮರಾಜನಗರದಿಂದ ಈರೋಡಿಗೆ ವ್ಯಾಪಾರಕ್ಕೆ ಹೋಗಿ ಬರುವವರಿಗೆ ಹಾಸನೂರು ಹೊಸ ಊರೇನಲ್ಲ. ಪುಣಜನೂರು ದಾಟಿ ಕಾಡು ಹೊಕ್ಕರೆ ಸ್ವಲ್ಪ ದೂರದಲ್ಲಿ ಕಾರಪಳ್ಳದ ತಪಾಸಣಾ ಠಾಣೆ, ಆಮೇಲೆ ಹಾಸನೂರು. ಮುಂದೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದರೆ ಬನ್ನಾರಿ, ಸತ್ಯಮಂಗಲ. ಊರು ಸೇರಿರುವುದು ತಮಿಳುನಾಡಿನ ಈರೋಡ್ ಜಿಲ್ಲೆಗಾದರೂ ಚಹಾದ ಅಂಗಡಿಯಲ್ಲಿ ಕಿವಿಗೆ ಬೀಳುವುದು ನಮ್ಮ ಕನ್ನಡವೇ. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಆದರೆ ಈ ರಸ್ತೆಯ ನಿಜವಾದ ಯಜಮಾನರು ಆನೆಗಳು. ತಾಳವಾಡಿ ಕಡೆಯಿಂದ ಕಬ್ಬು ಹೇರಿಕೊಂಡು ಬರುವ ಲಾರಿಗಳಿಗಾಗಿ ಅವು ರಸ್ತೆಯ ಅಂಚಿನಲ್ಲೇ ಕಾದು ನಿಲ್ಲುತ್ತವೆ, ಸುಂಕ ವಸೂಲಿಯವರ ಹಾಗೆ.

ಕಳೆದ ಕಾರ್ತಿಕದಲ್ಲಿ ನಾವೂ ಹಾಗೆಯೇ ಅಲ್ಲಿ ಸಿಕ್ಕಿಕೊಂಡೆವು. ಕಾರಿನಲ್ಲಿ ನಮ್ಮ ಜೊತೆಗೆ ಚಿಕ್ಕಪ್ಪನ ಮಗ, ಅವನ ಮಗಳು. ಮುಸುಕಿನ ಜೋಳ, ಕಡಲೆಕಾಯಿ, ಅರಿಶಿನದ ವ್ಯಾಪಾರ ಅವನದು. ಹುಡುಗಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಬೇಕೆಂದು ಹಟ ಹಿಡಿದಿದ್ದಳು. ಎರಡು ಕಡೆ ಅವಕಾಶ ಸಿಕ್ಕಿತ್ತು. ಒಂದು ಶಿಲೀಂಧ್ರಗಳ ಬಗೆಗಳನ್ನು ಹುಡುಕಿ ಹೆಸರಿಡುವ ಕೆಲಸ, ಇನ್ನೊಂದು ಮಿದುಳಿನ ರಚನೆಯ ಅಧ್ಯಯನ. ಅಪ್ಪನಿಗೆ ಎರಡೂ ಬೇಡ. ಅರಿಶಿನದ ಮಾರುಕಟ್ಟೆ ನೆಪ, ದಾರಿಯಲ್ಲಿ ಬುದ್ಧಿ ಹೇಳಿಸುವುದು ಉದ್ದೇಶ ಎಂಬುದು ನಮಗೆ ಕಾರು ಹತ್ತಿದ ಮೇಲೆ ತಿಳಿಯಿತು!

ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಯಬೇಕಲ್ಲ, ಹಾಸನೂರಿನಲ್ಲೇ ಬುತ್ತಿ ಬಿಚ್ಚಿದೆವು. ಅಲ್ಲಿ ಮಾತು ಶುರುವಾಯಿತು.

"ಅಣ್ಣ, ನೀವೇ ಹೇಳಿ. ಬೂಷ್ಟಿಗೆ ಹೆಸರಿಡುವುದಕ್ಕೆ ಐದು ವರ್ಷ! ಯಾರಿಗೆ ಏನು ಲಾಭ?" ಎಂದ ಅವನು.

ಲಾಭದ ಪ್ರಶ್ನೆ ವರ್ತಕನಿಗೆ ಸಹಜ, ಅದರಲ್ಲಿ ತಪ್ಪಿಲ್ಲ. ನಾವು ಅದಕ್ಕೆ ಉತ್ತರವನ್ನು ಬೇರೆ ಕಡೆಯಿಂದ ಹುಡುಕಿದೆವು. ಮಧುರೆಯ ಹತ್ತಿರ ಮಾಂಗುಳಂ ಎಂಬಲ್ಲಿ ಗುಡ್ಡದ ಮೇಲೆ ಜೈನ ಮುನಿಗಳಿಗಾಗಿ ಕಲ್ಲಿನಲ್ಲಿ ಹಾಸಿಗೆ ಕೊರೆಸಿದ ಗುಹೆಗಳಿವೆ. ಅಲ್ಲಿಯ ಬರಹವನ್ನು 1882ರಲ್ಲಿ ರಾಬರ್ಟ್ ಸಿವೆಲ್ ಎಂಬ ಆಂಗ್ಲ ಅಧಿಕಾರಿ ಗಮನಿಸಿದರು. ಅಕ್ಷರ ಬ್ರಾಹ್ಮಿ, ಭಾಷೆ ಯಾವುದೋ ತಿಳಿಯದು. ಅದು ತಮಿಳು ಎಂದು ಕೆ.ವಿ. ಸುಬ್ರಹ್ಮಣ್ಯ ಅಯ್ಯರ್ ತೋರಿಸಿಕೊಟ್ಟದ್ದು 1924ರಲ್ಲಿ, ಅಂದರೆ 42 ವರ್ಷಗಳ ಮೇಲೆ. ಐರಾವತಂ ಮಹಾದೇವನ್ ಅವರು 1960ರ ದಶಕದಿಂದ ಬೆಟ್ಟ ಬೆಟ್ಟ ಹತ್ತಿ ಇಂಥ ಬರಹಗಳನ್ನೆಲ್ಲ ಓದಿ ಸಮಗ್ರ ಗ್ರಂಥ ಹೊರತಂದದ್ದು 2003ರಲ್ಲಿ. ಇಷ್ಟು ಜನರ ಆಯುಷ್ಯ ಸವೆದ ಮೇಲೆ ನಮಗೆ ತಿಳಿದದ್ದೇನು? ಮಾಂಗುಳಂನ ವಸತಿಗೆ ದಾನ ಕೊಟ್ಟವರಲ್ಲಿ ವೆಳ್ಳರೈ ಎಂಬ ಊರಿನ 'ನಿಗಮ'ದವರೂ ಇದ್ದರು, ಅಂದರೆ ವರ್ತಕರ ಸಂಘದವರು. ಅಳಗರಮಲೆಯ ಗುಹೆಯಲ್ಲಿ ಉಪ್ಪಿನ ವ್ಯಾಪಾರಿ, ನೇಗಿಲ ಗುಳ ಮಾರುವವನು, ಬಟ್ಟೆ ವ್ಯಾಪಾರಿ ತಮ್ಮ ತಮ್ಮ ಹೆಸರು ಕೆತ್ತಿಸಿದ್ದಾರೆ. ಕರೂರಿನ ಬಳಿಯ ಪುಗಳೂರಿನಲ್ಲಿ ಕರೂರಿನ ಚಿನ್ನದ ವ್ಯಾಪಾರಿಯೊಬ್ಬನ ದಾನವಿದೆ. ಎರಡು ಸಾವಿರ ವರ್ಷಗಳ ಹಿಂದೆಯೇ ಅಂಗಡಿಯ ಗಳಿಕೆಯಲ್ಲಿ ಒಂದು ಪಾಲು ಮುನಿಗಳ ವಸತಿಗೆ ಹೋಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕೆ?

"ಸಿವೆಲ್ ಸಾಹೇಬರಿಗೆ ಯಾರಾದರೂ ಲಾಭವೇನೆಂದು ಕೇಳಿದ್ದರೆ ಏನು ಹೇಳುತ್ತಿದ್ದರು?" ಎಂದೆವು. ಅವನು ಚಪಾತಿ ಮುರಿಯುತ್ತ ಸುಮ್ಮನಿದ್ದ.

ಮರುದಿನ ಈರೋಡಿನ ಕೆಲಸ ಮುಗಿಸಿ, ಚೆನ್ನಿಮಲೆಯಿಂದ ಸುಮಾರು 15 ಕಿಲೋಮೀಟರ್ ಪಶ್ಚಿಮಕ್ಕೆ, ನೊಯ್ಯಲ್ ನದಿಯ ದಡದಲ್ಲಿರುವ ಕೊಡುಮಣಲ್‌ಗೆ ಹೋದೆವು. ಇದು ನಮ್ಮ ಹಟ. ಭವ್ಯವಾದ ಅರಮನೆ, ಗುಡಿಗಳನ್ನು ನಿರೀಕ್ಷಿಸಿ ಹೋದವರಿಗೆ ಅಲ್ಲಿ ನಿರಾಶೆಯೇ. ಆದರೆ ಈ ಮಣ್ಣಿನ ಕೆಳಗೆ ಒಂದು ಪೇಟೆಯೇ ಮಲಗಿತ್ತು. 1985ರಿಂದ ತಂಜಾವೂರಿನ ತಮಿಳು ವಿಶ್ವವಿದ್ಯಾಲಯದವರು, 2012ರ ಹೊತ್ತಿಗೆ ಪ್ರೊ. ಕೆ. ರಾಜನ್ ಅವರ ನೇತೃತ್ವದಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯದವರು, ಆಮೇಲೆ ತಮಿಳುನಾಡು ಸರ್ಕಾರದ ಇಲಾಖೆಯವರು ಇಲ್ಲಿ ಅಗೆದಿದ್ದಾರೆ. ಪಚ್ಚೆಯ ಜಾತಿಗೆ ಸೇರಿದ ಬೆರಿಲ್, ನೀಲ, ಸ್ಫಟಿಕ, ಕೆಂಪು ಕಾರ್ನೀಲಿಯನ್ ಕಲ್ಲುಗಳನ್ನು ಕಡೆದು ಮಣಿ ಮಾಡುತ್ತಿದ್ದ ಕುಶಲಕರ್ಮಿಗಳ ಊರು ಇದು. ಅರ್ಧ ಕೊರೆದು ಬಿಟ್ಟ ಮಣಿಗಳು ಸಹ ಸಿಕ್ಕಿವೆ. ಬೆರಿಲ್ ಕಲ್ಲು ಹತ್ತಿರದ ಪಡಿಯೂರಿನದು. ನೀಲಿ ಲಾಜವರ್ದ ಕಲ್ಲು ಅಫಘಾನಿಸ್ತಾನದ ಕಡೆಯಿಂದ ಬಂದಿರಬೇಕು. ಕಬ್ಬಿಣ, ಉಕ್ಕು ಕರಗಿಸಿದ ಕುಲುಮೆಗಳೂ ಇದ್ದವು. ಪಶ್ಚಿಮದ ಬಂದರುಗಳಿಂದ ಪಾಲಕ್ಕಾಡಿನ ಕಣಿವೆಯ ಮೂಲಕ ಕರೂರಿಗೆ ಹೋಗುವ ದಾರಿ ಹೀಗೆಯೇ ಹಾದುಹೋಗುತ್ತಿತ್ತು, ರೋಮಿನವರೆಗೂ ಮಾಲು ಹೋಗುತ್ತಿತ್ತು. ಇಲ್ಲಿಯ ಮಡಕೆ ಚೂರುಗಳ ಮೇಲೆ ಬ್ರಾಹ್ಮಿ ಅಕ್ಷರದಲ್ಲಿ ಒಡೆಯರ ಹೆಸರು ಗೀಚಿದ್ದಾರೆ. ಒಂದು ಚೂರಿನ ಮೇಲೆ ಅದೇ 'ನಿಗಮ' ಎಂಬ ಶಬ್ದ.

ಹೊಲದ ಬದುವಿನಲ್ಲಿ ನಿಂತು ಇದನ್ನು ಹೇಳಿದಾಗ ನಮ್ಮ ತಮ್ಮ ಬಗ್ಗಿ ಒಂದು ಮಡಕೆ ಚೂರನ್ನು ಎತ್ತಿಕೊಂಡ. ಮಗಳು, "ಅಪ್ಪಾಜಿ, ಅಲ್ಲೇ ಇಡಿ. ಇದ್ದ ಜಾಗದಲ್ಲಿ ಇದ್ದರೆ ಮಾತ್ರ ಅದಕ್ಕೆ ಬೆಲೆ," ಎಂದಳು. ಇಟ್ಟುಬಿಟ್ಟ.

ಆ ಕಡೆ ಹೋಗುವ ನಮ್ಮವರು ವಿಜಯಮಂಗಲದ ಚಂದ್ರಪ್ರಭ ತೀರ್ಥಂಕರರ ಬಸದಿಯನ್ನು ತಪ್ಪದೆ ದರ್ಶನ ಮಾಡಬೇಕು. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನ ತಂಗಿ ಪುಳ್ಳಪ್ಪೆಯ ನಿಸಿಧಿ ಇರುವುದು ಇಲ್ಲಿ. ಅಣ್ಣನ ಕೀರ್ತಿ ಜಗತ್ತಿಗೆಲ್ಲ ಗೊತ್ತು. ತಂಗಿಯ ಹೆಸರು ಉಳಿದದ್ದು ಒಂದು ಶಾಸನದಿಂದ.

ವಾದ ಇಷ್ಟಕ್ಕೆ ಮುಗಿಯಲಿಲ್ಲ. ಲಾಭದ ಪ್ರಶ್ನೆ ಬಿಟ್ಟು ಅವನು ಹಿಂಸೆಯ ಪ್ರಶ್ನೆ ಎತ್ತಿದ. ಇದು ಹಗುರವಾದುದಲ್ಲ.

"ಅಣಬೆ ನಮಗೆ ಅಭಕ್ಷ್ಯ. ಬೂಷ್ಟು ಹಿಡಿದದ್ದನ್ನು ಮುಟ್ಟಬಾರದು ಅಂತ ಅಮ್ಮ ಹೇಳಿಕೊಟ್ಟಿದ್ದಾರೆ. ನೀನು ಅದನ್ನೇ ಗಾಜಿನ ತಟ್ಟೆಯಲ್ಲಿ ಬೆಳೆಸುತ್ತೀಯಾ?"

ಹುಡುಗಿಯ ಉತ್ತರ ನಮಗೆ ಹಿಡಿಸಿತು. "ಅಪ್ಪಾಜಿ, ಮಳೆಗಾಲದಲ್ಲಿ ಹಿಟ್ಟಿಗೆ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ಅಂತ ಅಜ್ಜಿ ಮರ್ಯಾದೆ ಇಟ್ಟಿದ್ದರಲ್ಲ, ಅದು ಯಾಕೆ ಅಂತ ತಿಳಿಯುವುದೇ ನನ್ನ ಕೆಲಸ," ಎಂದಳು.

ನಮ್ಮಲ್ಲಿ ಕೆಲವರು ಇಂಥ ಮಾತು ಕೇಳಿದೊಡನೆ 'ವಿಜ್ಞಾನವೆಲ್ಲ ನಮ್ಮ ಶಾಸ್ತ್ರದಲ್ಲೇ ಇದೆ' ಎಂದು ಎದ್ದು ನಿಲ್ಲುತ್ತಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಅಜ್ಜಿಗೆ ಅಫ್ಲಾಟಾಕ್ಸಿನ್ ಗೊತ್ತಿರಲಿಲ್ಲ, ಮಳೆಗಾಲ ಗೊತ್ತಿತ್ತು. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದ ಕಥೆ ಕಡಲೆಕಾಯಿ ವ್ಯಾಪಾರಿಗಳೆಲ್ಲ ತಿಳಿದಿರಬೇಕಾದದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿ, ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಹಸಿರು ಬಣ್ಣದ ಶಿಲೀಂಧ್ರ, ಅದು ಬಿಟ್ಟ ವಿಷ. 1974ರಲ್ಲಿ ನಮ್ಮ ದೇಶದಲ್ಲೇ, ರಾಜಸ್ಥಾನ ಗುಜರಾತಿನ ಗಡಿಯ ಬಾಂಸವಾಡ, ಪಂಚಮಹಲ್ ಜಿಲ್ಲೆಗಳಲ್ಲಿ ಮಳೆಗೆ ನೆನೆದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಬಡ ಜನ ತೀರಿಕೊಂಡರು. ಈ ವಿಷ ಮಾಮೂಲಿ ಅಡುಗೆಯ ಬೆಂಕಿಗೆ ಹೋಗುವುದಿಲ್ಲ. ಬೂಷ್ಟು ಒರೆಸಿ ಹಾಕಿದರೂ ಕಾಳಿನೊಳಗೆ ಉಳಿದಿರುತ್ತದೆ, ಯಕೃತ್ತನ್ನು ಕೆಡಿಸುತ್ತದೆ. ತಡೆಯುವ ಉಪಾಯ ಒಂದೇ. ಜೋಳವನ್ನು ತೇವಾಂಶ ಶೇ. 13-14ಕ್ಕೆ, ಕಡಲೆಕಾಯಿಯನ್ನು ಶೇ. 8ರ ಸುಮಾರಿಗೆ ಇಳಿಯುವವರೆಗೆ ಒಣಗಿಸಿ, ಒಣ ಜಾಗದಲ್ಲಿ ಇಡುವುದು.

ಶಿಲೀಂಧ್ರಗಳಲ್ಲಿ ಇದುವರೆಗೆ ಹೆಸರು ಪಡೆದವು ಸುಮಾರು ಒಂದೂವರೆ ಲಕ್ಷ. ಇರಬಹುದಾದವು ಇಪ್ಪತ್ತು ಲಕ್ಷಕ್ಕೂ ಮಿಗಿಲು ಎಂಬುದು ತಜ್ಞರ ಅಂದಾಜು. ಪೆನ್ಸಿಲಿನ್ ಬಂದದ್ದು ಇಂಥದೇ ಒಂದು ಬೂಷ್ಟಿನಿಂದ. ಮೊದಲ ಮಳೆಗೆ ಹುತ್ತದ ಮೇಲೆ ಏಳುವ ಅಣಬೆಯ ಕಥೆಯಂತೂ ಸೊಗಸು. ಗೆದ್ದಲುಗಳೇ ನೆಲದೊಳಗೆ ಆ ಶಿಲೀಂಧ್ರದ ತೋಟ ಮಾಡಿ ಸಾಕುತ್ತವಂತೆ! ಮಂಗಳೂರು ವಿಶ್ವವಿದ್ಯಾಲಯದ ಪ್ರೊ. ಕೆ.ಆರ್. ಶ್ರೀಧರ್, ಗೋವಾದ ಪ್ರೊ. ಡಿ.ಜೆ. ಭಟ್ ಅಂಥವರು ಪಶ್ಚಿಮ ಘಟ್ಟದ ಕೊಳೆತ ಎಲೆಗಳಲ್ಲಿ, ತೊರೆಗಳ ನೀರಿನಲ್ಲಿ ಇವನ್ನು ಹುಡುಕುತ್ತ ದಶಕಗಳನ್ನೇ ಕಳೆದಿದ್ದಾರೆ.

ಇಲ್ಲಿ ನಮ್ಮದೇ ಒಂದು ಸಂಗತಿ ಹೇಳಬೇಕು, ಹೇಳಲು ಮುಜುಗರವಾದರೂ. ಬಹಳ ವರ್ಷದ ಹಿಂದೆ ನಮ್ಮ ಕುಟುಂಬದ ಮಳಿಗೆ ಒಂದಾಗಿದ್ದಾಗ, ದೀಪಾವಳಿಯ ಮಳೆಗೆ ನೆನೆದ ಜೋಳದ ಚೀಲಗಳು ಬಂದವು. ಮುಗ್ಗಲು ವಾಸನೆ. ಒಣಗಿಸಿ, ಒಳ್ಳೆಯ ಮಾಲಿನೊಡನೆ ಬೆರೆಸಿ ಕಳಿಸಿದೆವು. ಪೇಟೆಯಲ್ಲಿ ಎಲ್ಲರೂ ಮಾಡುವುದೇ ಅದು ಎಂದುಕೊಂಡೆವು. ಮಳಿಗೆಯಲ್ಲಿ ಜಿರಳೆ ಕೊಲ್ಲಿಸುವುದಕ್ಕೆ ಹಿಂದೆ ಮುಂದೆ ನೋಡುತ್ತಿದ್ದ ನಾವು ಆ ಚೀಲಗಳು ಯಾರ ಮನೆಯ ರೊಟ್ಟಿಯಾದವೆಂದು ಕೇಳಲಿಲ್ಲ. ಹುಡುಗಿ ಬಾಂಸವಾಡದ ಕಥೆ ಹೇಳುವಾಗ ನಾವೂ ತಮ್ಮನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇನ್ನು ಮಿದುಳಿನ ವಿಷಯ. ಒಂದೂವರೆ ಕಿಲೋ ಸಹ ತೂಗದ ಈ ಅಂಗದಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರ ಶ್ರಮದಿಂದ 1995ರಲ್ಲಿ ಮಿದುಳಿನ ಬ್ಯಾಂಕ್ ಶುರುವಾಯಿತು. ತೀರಿಕೊಂಡವರ ಮಿದುಳನ್ನು ಮನೆಯವರ ಒಪ್ಪಿಗೆ ಪಡೆದು ಅಧ್ಯಯನಕ್ಕೆ ಇಡುತ್ತಾರೆ. ಪಾರ್ಕಿನ್‌ಸನ್, ಮರೆವಿನ ರೋಗಗಳ ಸಂಶೋಧನೆಗೆ ಇದೇ ಆಧಾರ. ಅಲ್ಲಿಯ ಸಂಗ್ರಹಾಲಯದಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುವವರು ಒಮ್ಮೆ ಇಲ್ಲಿಗೂ ಕರೆದೊಯ್ದರೆ ನಷ್ಟವಿಲ್ಲ. ನೇತ್ರದಾನಕ್ಕೆ ನಮ್ಮ ಸಮಾಜ ಮುಂದಿದೆ, ಮಿದುಳಿನ ದಾನದ ಮಾತು ಇನ್ನೂ ನಮ್ಮ ಮನೆಗಳಿಗೆ ಬಂದಿಲ್ಲ.

ಆದರೆ ಎಲ್ಲ ಅಧ್ಯಯನ ಸತ್ತವರ ಮಿದುಳಿನಿಂದ ಆಗುವುದಿಲ್ಲ. ಇಲಿ ಬೇಕಾಗುತ್ತದೆ. ತಮ್ಮನ ಆಕ್ಷೇಪದ ತಿರುಳು ಇದೇ. ಹಿಂಸೆ ನಾಲ್ಕು ಬಗೆ ಎಂದು ನಾವು ಕಲಿತಿದ್ದೇವೆ: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಶ್ರಾವಕನಾದವನು ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಪ್ರಯೋಗಶಾಲೆಯ ಇಲಿ ಯಾವುದರಲ್ಲಿ ಬರುತ್ತದೆ? ಮಗಳು ಉದ್ಯೋಗೀ ಎಂದಳು, ಅಪ್ಪ ಸಂಕಲ್ಪೀ ಎಂದ. ಕೊಲ್ಲುವುದೆಂದು ಮೊದಲೇ ನಿಶ್ಚಯಿಸಿ ಕೊಲ್ಲುವುದನ್ನು ಬೇರೆ ಹೆಸರಿನಿಂದ ಕರೆಯುವುದು ನಮಗೂ ಕಷ್ಟ. ಈ ವಿಷಯದಲ್ಲಿ ನಾವು ಅಪ್ಪನ ಪಕ್ಷ.

ಹಾಗೆಂದು ವಿದ್ಯೆಯ ಬಾಗಿಲನ್ನೇ ಮುಚ್ಚುವುದು ನಮ್ಮ ಪರಂಪರೆಯಲ್ಲ. 9ನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥ ಬರೆದಾಗ ಮಾಂಸ, ಮದ್ಯ, ಜೇನು ಇಲ್ಲದೆಯೇ ಔಷಧಿಗಳನ್ನು ಹೇಳಿದರು. ವೈದ್ಯ ಬಿಡಲಿಲ್ಲ, ದಾರಿ ಬದಲಿಸಿದರು. ಈಗಲೂ ದಾರಿ ಬದಲಾಗುತ್ತಿದೆ. ಕಾಲೇಜುಗಳಲ್ಲಿ ಕಪ್ಪೆ ಕೊಯ್ಯುವುದನ್ನು ಕೈಬಿಡಲು ಯುಜಿಸಿ 2011ರಲ್ಲೂ 2014ರಲ್ಲೂ ಸೂಚನೆ ಕೊಟ್ಟಿತು. 2023ರಲ್ಲಿ ಹೊಸ ಔಷಧಿಗಳ ನಿಯಮ ತಿದ್ದುಪಡಿಯಾಗಿ, ಪ್ರಾಣಿಗಳ ಬದಲು ಕೋಶಗಳ ಮೇಲಿನ ಪರೀಕ್ಷೆಗೂ ಮಾನ್ಯತೆ ಬಂತು.

ಇದಕ್ಕೆಲ್ಲ ಬಲ ಬಂದದ್ದು ಸ್ಟೆಮ್ ಸೆಲ್, ಅಂದರೆ ಆಕರ ಕೋಶಗಳ ಸಂಶೋಧನೆಯಿಂದ. 1998ರಲ್ಲಿ ಮನುಷ್ಯನ ಆಕರ ಕೋಶಗಳನ್ನು ಕೆಲವೇ ದಿನಗಳ ಭ್ರೂಣದಿಂದ ತೆಗೆದರು, ಭ್ರೂಣ ಉಳಿಯುತ್ತಿರಲಿಲ್ಲ. 2006ರಲ್ಲಿ ಜಪಾನಿನ ಯಮನಾಕ ಎಂಬವರು ಇಲಿಯ ಚರ್ಮದ ಕೋಶಗಳನ್ನು ಮರಳಿ ಎಳೆಯ ಸ್ಥಿತಿಗೆ ತಂದರು. ಮರುವರ್ಷ ಮನುಷ್ಯರ ಕೋಶಗಳಲ್ಲೂ ಸಾಧ್ಯವಾಯಿತು. 2012ರಲ್ಲಿ ನೊಬೆಲ್ ಬಂತು. ಈಗ ಒಬ್ಬರ ಚರ್ಮದ ಅಥವಾ ರಕ್ತದ ಚೂರಿನಿಂದ ಮಿದುಳಿನ ಕೋಶಗಳನ್ನೇ ತಟ್ಟೆಯಲ್ಲಿ ಬೆಳೆಸಿ ಅಭ್ಯಸಿಸುತ್ತಾರೆ. ಬೆಂಗಳೂರಿನಲ್ಲಿ 2009ರಿಂದ ಇನ್‌ಸ್ಟೆಮ್ ಎಂಬ ಸಂಸ್ಥೆ ಆಕರ ಕೋಶಗಳಿಗೆಂದೇ ಇದೆ. ಇಲಿ ಪೂರ್ತಿ ತಪ್ಪಿದೆ ಎಂದಲ್ಲ, ಕಡಿಮೆಯಾಗುವ ದಾರಿ ಕಾಣಿಸಿದೆ.

ಇದರ ಜೊತೆಗೆ ಗೃಹಿಣಿಯರಿಗೊಂದು ಎಚ್ಚರಿಕೆ. ಹೆರಿಗೆಯ ಸಮಯದಲ್ಲಿ ಹೊಕ್ಕುಳಬಳ್ಳಿಯ ರಕ್ತವನ್ನು ಮಗುವಿನ ಸ್ವಂತ ಉಪಯೋಗಕ್ಕೆಂದು ದೊಡ್ಡ ಮೊತ್ತ ಪಡೆದು ಕಾಪಿಡುವವರು ಮನೆ ಬಾಗಿಲಿಗೆ ಬರುತ್ತಾರೆ. ಹಾಗೆ ತನಗಾಗಿ ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳಿದೆ. ದುಡ್ಡು ಕಟ್ಟುವ ಮುನ್ನ ವೈದ್ಯರನ್ನು ಕೇಳಿ.

ಹಿಂತಿರುಗುವಾಗ ಮತ್ತೆ ಹಾಸನೂರಿನಲ್ಲಿ ನಿಂತೆವು. ಕಬ್ಬಿನ ಲಾರಿಯೊಂದರ ಹಿಂದೆ ಒಂದು ಆನೆ, ಅದರ ಹಿಂದೆ ನಾವು. ಕಾರಿನ ಡಿಕ್ಕಿಯಲ್ಲಿ ತಮ್ಮ ಈರೋಡಿನಲ್ಲಿ ಕೊಂಡ ತೇವಾಂಶ ಅಳೆಯುವ ಯಂತ್ರವಿತ್ತು. ನಮಗೆ ಹೇಳದೆ ಕೊಂಡದ್ದು. ಶಿಲೀಂಧ್ರದ ಕಡೆಯ ಅರ್ಜಿಗೆ ಸಹಿ ಹಾಕುತ್ತೇನೆಂದ. ಹುಡುಗಿಗೆ ಇನ್ನೂ ಮಿದುಳಿನ ಕಡೆಗೇ ಮನಸ್ಸು, ಇಲಿಯಿಲ್ಲದ ಪ್ರಯೋಗಶಾಲೆ ಎಲ್ಲಿದೆಯೆಂದು ಪತ್ರ ಬರೆದು ವಿಚಾರಿಸುತ್ತಿದ್ದಾಳೆ.