ಔಷಧಿ ಕೊಳ್ಳುವುದೋ, ಕೆಲಸ ಕೊಳ್ಳುವುದೋ?



ತೋಟಗಳಿಗೆ ಬೇಕಾದ ಔಷಧಿ ತರಿಸುವುದು, ಬೆರೆಸುವುದು, ಹೊಡೆಯುವುದು, ಉಳಿದದ್ದನ್ನು ವಿಲೇವಾರಿ ಮಾಡುವುದು ಇವೆಲ್ಲವನ್ನೂ ಒಟ್ಟಾಗಿ ಹೊರಗಿನ ಒಬ್ಬ ಗುತ್ತಿಗೆದಾರರಿಗೆ ವಹಿಸಿಬಿಡಬಾರದೇಕೆ ಎಂದು ಕೆಲವು ಸದಸ್ಯರು ಸಂಘವನ್ನು ಕೇಳಿದ್ದಾರೆ. ಬರುವ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ದೊಡ್ಡ ಕಾರ್ಖಾನೆಗಳು ಹೀಗೆ ಮಾಡಿ ಖರ್ಚನ್ನೂ ಕಸವನ್ನೂ ತಗ್ಗಿಸಿವೆ, ನಮಗೇಕೆ ಆಗದು ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೆ ಕಾರ್ಖಾನೆಗೂ ತೋಟಕ್ಕೂ ನಡುವೆ ಒಂದು ಮಳೆಗಾಲ ಇದೆ. ಅದನ್ನು ಮರೆತು ಕೈಯೆತ್ತಿದರೆ ಮುಂದೆ ಪರದಾಡುವವರು ಎರಡೆಕರೆ, ಮೂರೆಕರೆಯ ಸದಸ್ಯರೇ.

ಮೊದಲು ಕಾರ್ಖಾನೆಯ ಸಂಗತಿ ನೋಡೋಣ. ಬಣ್ಣ, ಗ್ರೀಸು, ತೊಳೆಯುವ ದ್ರಾವಕ, ನೀರು ಶುದ್ಧಿ ಮಾಡುವ ರಾಸಾಯನಿಕ ಇಂಥವು ಒಂದು ದೊಡ್ಡ ಕಾರ್ಖಾನೆಗೆ ನೂರಾರು ಬಗೆಯವು ಬೇಕು. ಕೊಳ್ಳುವ ಬೆಲೆ ಕಣ್ಣಿಗೆ ಕಾಣುತ್ತದೆ. ಉಗ್ರಾಣದಲ್ಲಿ ಅವಧಿ ಮೀರಿ ಹಾಳಾದದ್ದು, ಸೋರಿದ್ದು, ಚರಂಡಿಗೆ ಹೋದದ್ದು, ಆ ಚರಂಡಿ ನೀರನ್ನು ಮತ್ತೆ ಶುದ್ಧಿ ಮಾಡಲು ತಗಲಿದ್ದು ಇವು ಯಾವ ಲೆಕ್ಕದ ಪುಸ್ತಕದಲ್ಲೂ ಒಂದೇ ಕಡೆ ಕಾಣುವುದಿಲ್ಲ. ಮಾರುವವನಿಗೆ ಲಾಭ ಬರುವುದು ಹೆಚ್ಚು ಲೀಟರು ಹೋದರೆ, ಕೊಳ್ಳುವವನಿಗೆ ಲಾಭ ಕಡಿಮೆ ಲೀಟರು ಸಾಕಾದರೆ. ಇಬ್ಬರೂ ಎದುರುಬದುರಾಗಿ ಹಗ್ಗ ಜಗ್ಗುತ್ತಿರುತ್ತಾರೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ 1980ರ ದಶಕದಲ್ಲಿ ತನ್ನ ಕೆಲವು ಕಾರ್ಖಾನೆಗಳಲ್ಲಿ ಈ ಹಗ್ಗಜಗ್ಗಾಟ ನಿಲ್ಲಿಸುವ ದಾರಿ ಹುಡುಕಿತು. ರಾಸಾಯನಿಕಗಳ ಪೂರೈಕೆ ಮಾತ್ರವಲ್ಲ, ನಿರ್ವಹಣೆಯನ್ನೂ ಪೂರೈಕೆದಾರರಿಗೇ ಒಪ್ಪಿಸಿ, ಉಳಿತಾಯದಲ್ಲಿ ಅವರಿಗೂ ಪಾಲು ಸಿಗುವಂತೆ ಮಾಡಿತು. ಮುಂದೆ 2004ರಲ್ಲಿ ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆ ಆಸ್ಟ್ರಿಯಾ ಸರಕಾರದೊಡನೆ ಸೇರಿ ಇದೇ ತತ್ವವನ್ನು 'ಕೆಮಿಕಲ್ ಲೀಸಿಂಗ್' ಎಂಬ ಹೆಸರಿನಲ್ಲಿ ಹಲವು ದೇಶಗಳಿಗೆ ಒಯ್ದಿತು. ಈಜಿಪ್ಟಿನ ಒಂದು ಮೋಟಾರು ಕಾರ್ಖಾನೆಯಲ್ಲಿ ತೊಳೆಯುವ ದ್ರಾವಕಕ್ಕೆ ಲೀಟರಿಗೆ ಇಷ್ಟೆಂದು ಕೊಡುವುದನ್ನು ಬಿಟ್ಟು, ತಯಾರಾದ ಪ್ರತಿ ವಾಹನಕ್ಕೆ ಇಷ್ಟೆಂದು ಕೊಡತೊಡಗಿದರು. ಆಗ ಒಂದು ಲೀಟರು ಚೆಲ್ಲಿದರೂ ನಷ್ಟ ಪೂರೈಕೆದಾರನದೇ. ಚೆಲ್ಲದಂತೆ ಅವನೇ ನೋಡಿಕೊಂಡ. ಬಳಸಿದ ದ್ರಾವಕವನ್ನು ತಾನೇ ಹಿಂದಕ್ಕೂ ಒಯ್ದ.

ಇನ್ನು ನಮ್ಮ ತೋಟಕ್ಕೆ ಬರೋಣ. ನಾವು ಮೈಲುತುತ್ತವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತೇವೆ. ಅಂಗಡಿಯವನಿಗೆ ಕಿಲೋ ಹೆಚ್ಚಿದಷ್ಟೂ ಒಳ್ಳೆಯದು. ಔಷಧಿ ಹೊಡೆಯುವ ಕೊನೆಗಾರನಿಗೂ ಹಲವು ಕಡೆ ಬ್ಯಾರೆಲ್ಲಿಗೆ ಇಷ್ಟೆಂದು ಮಜೂರಿ. ಮರದ ತಲೆಯ ಮೇಲೆ ಕುಳಿತು ಗೊನೆಯ ಸಂದು ಸಂದಿಗೆ ಹದವಾಗಿ ಹೊಡೆಯುವವನಿಗೂ, ಸೋಗೆಯ ಮೇಲಿಂದ ಧಾರೆ ಬಿಟ್ಟು ಬ್ಯಾರೆಲ್ ಬರಿದು ಮಾಡುವವನಿಗೂ ನಾವು ಕೊಡುವುದು ಒಂದೇ ದರ. ಎರಡನೆಯವನಿಗೆ ದಿನಕ್ಕೆ ಗಳಿಕೆಯೇ ಹೆಚ್ಚು. ಇದರಲ್ಲಿ ಕೊನೆಗಾರನ ತಪ್ಪೇನೂ ಇಲ್ಲ. ನಾವು ಯಾವುದಕ್ಕೆ ಹಣ ಕೊಡುತ್ತೇವೋ ಅದೇ ನಮಗೆ ಸಿಗುತ್ತದೆ. ಗೊನೆ ಉಳಿಸಿದ್ದಕ್ಕೆ ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ?

ಹೆಚ್ಚಾಗಿ ಬಿದ್ದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಸದಸ್ಯರು ಲೆಕ್ಕ ಹಾಕಿ ನೋಡಬೇಕು. ಶೇಕಡಾ ಒಂದರ ಬೋರ್ಡೋ ದ್ರಾವಣವೆಂದರೆ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದಲ್ಲಿ ಸುಮಾರು ಕಾಲು ಭಾಗ ತಾಮ್ರ. ಎಕರೆಗೆ ಇನ್ನೂರು ಲೀಟರಿನ ಎರಡು ಬ್ಯಾರೆಲ್ ಹೋಯಿತೆಂದು ಇಟ್ಟುಕೊಳ್ಳಿ, ಒಂದು ಸಲಕ್ಕೆ ಒಂದು ಕಿಲೋ ತಾಮ್ರ. ವರ್ಷಕ್ಕೆ ಎರಡು ಸಲವಾದರೆ ಎರಡು ಕಿಲೋ, ಹತ್ತು ವರ್ಷಕ್ಕೆ ಇಪ್ಪತ್ತು ಕಿಲೋ. ತಾಮ್ರ ಲೋಹ. ಎಲೆಯಂತೆ, ಸಗಣಿಯಂತೆ ಅದು ಕೊಳೆತು ಹೋಗುವುದಿಲ್ಲ. ಮೇಲ್ಮಣ್ಣಿನಲ್ಲಿ ಕೂಡುತ್ತಾ ಬರುತ್ತದೆ, ಅತಿಯಾದರೆ ಎರೆಹುಳುವಿಗೆ ಕಂಟಕ. ಬೋರ್ಡೋ ಬೇಡವೆಂದು ನಾವು ಹೇಳುತ್ತಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ವಿಚಾರವಾಗಿ ವರದಿ ಪ್ರಕಟಿಸಿ ಈ ದ್ರಾವಣವನ್ನು ಬಳಕೆಗೆ ತಂದ ಮೇಲೆ ಮಲೆನಾಡಿನಲ್ಲಿ ಉಳಿದ ಅಡಿಕೆ ಅಷ್ಟಿಷ್ಟಲ್ಲ. ಅದಕ್ಕೆ ಮೊದಲು ನಮ್ಮ ಹಿರಿಯರು ಗೊನೆಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ನಮ್ಮ ತಕರಾರು ಗೊನೆಗೆ ತಾಗದೆ ನೆಲಕ್ಕೆ ಬೀಳುವ ಔಷಧಿಯ ಬಗ್ಗೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಉಳಿಕೆಯದು. ಸಾವಿರ ಸದಸ್ಯರ ಅಟ್ಟದಲ್ಲಿ ತಲಾ ಎರಡು ಕಿಲೋ ಹಳೆಯ ಔಷಧಿ ಉಳಿದಿದ್ದರೆ ಅದು ಎರಡು ಟನ್ನು. ಅದರಲ್ಲಿ ಈಗ ಹೊಡೆಯಲೇ ಬಾರದಂಥವು ಇವೆ. ಅರೇಬಿಕಾ ಕಾಂಡಕೊರಕಕ್ಕೆ ಒಂದು ಕಾಲದಲ್ಲಿ ಎಲ್ಲರೂ ಬಳಸಿದ ಲಿಂಡೇನ್ 2013ರಿಂದ ನಮ್ಮ ದೇಶದ ಕೃಷಿಯಲ್ಲಿ ನಿಷಿದ್ಧ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರ ಮೇ ತಿಂಗಳಿನಲ್ಲಿ ತಡೆಯಿತು. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಹೊಡೆಯುತ್ತಿದ್ದುದು 2000ದಲ್ಲೇ ನಿಂತಿತ್ತು. ಆದರೆ ಗೋದಾಮುಗಳಲ್ಲಿ ಉಳಿದ ಬ್ಯಾರೆಲುಗಳು ಅಲ್ಲಿಯೇ ಇದ್ದು, ಸೋರಿಕೆಯ ಭೀತಿ ಹುಟ್ಟಿ, 2012ರಲ್ಲಿ ಅದನ್ನು ಹೊಸ ಬ್ಯಾರೆಲುಗಳಿಗೆ ತುಂಬಿಸಬೇಕಾಯಿತು. ಹೊಡೆಯುವುದು ನಿಂತು ಹನ್ನೆರಡು ವರ್ಷವಾದರೂ ಉಳಿಕೆಗೆ ಗತಿ ಕಾಣಿಸಿರಲಿಲ್ಲ. ಖಾಲಿ ಡಬ್ಬವನ್ನು, ತೊಳೆದ ನೀರನ್ನು ಹೇಗೆಂದರೆ ಹಾಗೆ ಬಿಸಾಡಬಾರದೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಆ ಡಬ್ಬದಲ್ಲಿ ಹಳ್ಳದ ನೀರು ಮೊಗೆಯುವುದನ್ನು ನಾವು ಇಂದಿಗೂ ನೋಡುತ್ತಿದ್ದೇವೆ.

ಆದ್ದರಿಂದ ಕಿಲೋ ಲೆಕ್ಕ ಬಿಟ್ಟು ಮರದ ಲೆಕ್ಕಕ್ಕೆ ಬರುವುದು, ಉಳಿಕೆಯನ್ನು ಪೂರೈಸಿದವನೇ ಹಿಂದಕ್ಕೆ ಒಯ್ಯುವುದು, ಈ ಎರಡನ್ನೂ ನಾವು ಮನಸಾರೆ ಒಪ್ಪುತ್ತೇವೆ. ಹೊರಗಿನವರಿಗೆ ಸಗಟಾಗಿ ವಹಿಸಿಬಿಡುವುದನ್ನು ಮಾತ್ರ ಒಪ್ಪುವುದಿಲ್ಲ. ಕಾರಣ ಹೇಳುತ್ತೇವೆ.

ಕಾರ್ಖಾನೆಯಲ್ಲಿ ಕೆಲಸ ವರ್ಷವಿಡೀ ಒಂದೇ ಸಮನೆ ನಡೆಯುತ್ತದೆ. ನಮ್ಮಲ್ಲಿ ಹಾಗಲ್ಲ. ರೋಹಿಣಿ ಮಳೆ ಮುಗಿದು ಮೃಗಶಿರ ಹಿಡಿಯುವುದರೊಳಗೆ ಮೊದಲ ಔಷಧಿ ಆಗಬೇಕು. ನಲವತ್ತು, ನಲವತ್ತೈದು ದಿನಕ್ಕೆ, ಪುಷ್ಯ ಮಳೆಯ ನಡುವೆ ಹೊಳವಾದ ದಿನ ನೋಡಿ ಎರಡನೆಯದು. ಇಡೀ ಹೋಬಳಿಗೆ ಬೇಕಾದದ್ದು ಅದೇ ಹತ್ತು ಹದಿನೈದು ದಿನಗಳಲ್ಲಿ. ಗುತ್ತಿಗೆದಾರನ ಬಳಿ ಐದು ತಂಡವಿದ್ದರೆ ಅವು ಮೊದಲು ಯಾರ ತೋಟಕ್ಕೆ ಹೋಗುತ್ತವೆ? ಇಪ್ಪತ್ತೆಕರೆ ಒಂದೇ ಕಡೆ ಇದ್ದು, ಲಾರಿ ಅಂಗಳದವರೆಗೆ ಹೋಗುವ ತೋಟಕ್ಕೆ. ಕಾಲುಸಂಕ ದಾಟಿ, ಪಂಪನ್ನು ಹೊತ್ತು ಹೋಗಬೇಕಾದ ಒಂದೂವರೆ ಎಕರೆಯವನ ಸರದಿ ಬರುವ ಹೊತ್ತಿಗೆ ಆರಿದ್ರ ಮಳೆ ಹಿಡಿದಿರುತ್ತದೆ, ಬುಡದಲ್ಲಿ ಕೊಳೆ ಅಡಿಕೆ ಉದುರಿರುತ್ತದೆ. ಇಂದು ಅವನು ನೆರೆಮನೆಯವರೊಡನೆ ಮುಯ್ಯಾಳು ಮಾಡಿಕೊಂಡು ಹೇಗೋ ಸುಧಾರಿಸುತ್ತಾನೆ. ಅವನ ಪಂಪು ಮಾರಿಹೋಗಿ, ಊರಿನ ಕೊನೆಗಾರರೆಲ್ಲ ಕಂಪೆನಿಯ ಆಳಾದ ಮೇಲೆ ಅವನಿಗೆ ಆ ದಾರಿಯೂ ಇಲ್ಲ. ಮೂರನೆಯ ವರ್ಷ ದರ ಏರಿಸಿದರೆ ಬೇಡವೆನ್ನುವ ಶಕ್ತಿಯೂ ಇಲ್ಲ.

ಇನ್ನೊಂದು ತೊಡಕು ಫಲವನ್ನು ಅಳೆಯುವುದು. ವಾಹನವನ್ನು ಎಣಿಸಬಹುದು. ಕೊಳೆ ಬಾರದಿದ್ದುದು ಔಷಧಿಯಿಂದಲೋ, ಮಳೆ ಕಡಿಮೆಯಾದದ್ದರಿಂದಲೋ? ಬಂದರೆ ಬೆರೆಸಿದ್ದು ಸರಿಯಿರಲಿಲ್ಲವೋ, ವಾರಗಟ್ಟಲೆ ಬಿಸಿಲೇ ಕಾಣಲಿಲ್ಲವೋ? ಹಾಗಾಗಿ ಪೂರ್ತಿ ಹಣವನ್ನು ಫಲಕ್ಕೆ ಕಟ್ಟಿಹಾಕಿದರೆ ಯಾವ ತಂಡವೂ ಮುಂದೆ ಬರದು, ಬಂದರೂ ಜಗಳ ತಪ್ಪದು. ಮರಕ್ಕೆ ಇಷ್ಟೆಂದು ದರ ಗೊತ್ತು ಮಾಡಿ, ಅದರಲ್ಲಿ ಹೆಚ್ಚಿನ ಪಾಲನ್ನು ಕೆಲಸ ಮುಗಿದಾಗ, ಉಳಿದದ್ದನ್ನು ಪುಷ್ಯ ಮಳೆ ಕಳೆದ ಮೇಲೆ ತೋಟ ನೋಡಿ ಕೊಡುವುದು ನ್ಯಾಯವೆಂದು ನಮಗೆ ಕಾಣುತ್ತದೆ. ಬೆರೆಸಿದ್ದನ್ನು ಪರೀಕ್ಷಿಸುವ ಹಕ್ಕು ಬೆಳೆಗಾರನಲ್ಲೇ ಇರಬೇಕು. ಇದಕ್ಕೆ ವಿಜ್ಞಾನಿ ಬೇಕಿಲ್ಲ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು, ಅದನ್ನು ಮರಕ್ಕೆ ಹತ್ತಿಸಬಾರದು. ಬೆರೆಸಿದ್ದನ್ನು ಅಂದೇ ಮುಗಿಸಬೇಕು ಎಂಬುದೂ ಕರಾರಿನಲ್ಲಿ ಬರಲಿ. ನಿನ್ನೆಯ ಬ್ಯಾರೆಲಿನ ತಳವನ್ನು ಇಂದು ನಮ್ಮ ತೋಟಕ್ಕೆ ತಂದು ಹೊಡೆದರೆ ಕೇಳುವವರಾರು?

ಕಾಫಿಯ ಸಂಗತಿಯೇ ಬೇರೆ. ಎಲೆ ತುಕ್ಕಿಗೆ ಹೊಡೆಯುವ ಬೋರ್ಡೋ ಶೇಕಡಾ ಅರ್ಧದ್ದು, ಅದನ್ನು ಗುತ್ತಿಗೆಗೆ ಕೊಡಬಹುದು. ಕಾಂಡಕೊರಕದ ಹತೋಟಿ ಹಾಗಲ್ಲ. ಹುಳು ಬಿದ್ದ ಗಿಡವನ್ನು ಗುರುತಿಸಿ ಕಿತ್ತು ಸುಡುವುದು, ಕಾಂಡದ ಸಡಿಲ ತೊಗಟೆ ಉಜ್ಜುವುದು, ಸುಣ್ಣದ ನೀರು ಹೊಡೆಯುವುದು, ನೆರಳನ್ನು ಕಾಪಾಡುವುದು ಇವೆಲ್ಲ ದಿನಾ ತೋಟ ಸುತ್ತುವವನ ಕೆಲಸ. ಹೊರಗಿನವನು ಕೀಟನಾಶಕದ ಡಬ್ಬವನ್ನೇ ಹಿಡಿದು ಬಂದಾನು. ಯುರೋಪ್ ಒಕ್ಕೂಟ 2020ರಲ್ಲಿ ಕ್ಲೋರ್‌ಪೈರಿಫಾಸ್ ಬಳಕೆಯ ಅನುಮತಿಯನ್ನು ನವೀಕರಿಸಲಿಲ್ಲ, ಆಹಾರದಲ್ಲಿ ಅದರ ಅಂಶದ ಮಿತಿಯನ್ನೂ ಬಿಗಿ ಮಾಡಿತು. ನಮ್ಮ ಕಾಫಿಯ ದೊಡ್ಡ ಗಿರಾಕಿಗಳು ಅಲ್ಲಿಯೇ ಇದ್ದಾರೆ. ತೋಟಕ್ಕೆ ಏನು ಹೊಡೆದರೆಂಬುದು ತೋಟದವನಿಗೇ ಗೊತ್ತಿಲ್ಲವೆಂದರೆ ವ್ಯಾಪಾರ ನಡೆಯುವುದಿಲ್ಲ. ಅಡಿಕೆಯಲ್ಲಿ ಎಲೆಚುಕ್ಕಿ ಬಂದಂದಿನಿಂದ ಹೆದರಿಕೆಗೆ ಅಂಗಡಿಯವರು ಕೊಟ್ಟದ್ದನ್ನೆಲ್ಲ ಹೊಡೆದವರೂ ಈ ಮಾತನ್ನು ಗಮನಿಸಲಿ.

ಕೊನೆಗೆ ಒಂದು ಕಹಿ ಮಾತು. ಸಂಘವೇ ಈ ಕೆಲಸ ಮಾಡಲಿ ಎಂದು ನಾವು ಸೂಚಿಸುತ್ತಿದ್ದೇವೆ. ಆದರೆ ಸಂಘದ ಗೊಬ್ಬರ, ಔಷಧಿ ವಿಭಾಗದ ಲಾಭವೂ ಕಿಲೋ ಲೆಕ್ಕದ್ದೇ. ಮೈಲುತುತ್ತ ಕಡಿಮೆ ಹೋದರೆ ವಾರ್ಷಿಕ ವರದಿಯಲ್ಲಿ ವ್ಯಾಪಾರ ಕುಗ್ಗಿದಂತೆ ಕಾಣುತ್ತದೆ, ಮ್ಯಾನೇಜರರನ್ನು ನಾವೇ ಪ್ರಶ್ನಿಸುತ್ತೇವೆ. ಸದಸ್ಯರು ಆ ಅಂಕಿಯನ್ನು ನೋಡುವ ರೀತಿ ಬದಲಾಗದೆ ಈ ಯೋಜನೆ ನಡೆಯದು. ಮಾರಿದ ಕಿಲೋ ಎಷ್ಟು ಎಂಬುದರ ಪಕ್ಕದಲ್ಲಿ ಕಾಪಾಡಿದ ಮರ ಎಷ್ಟು, ಹಿಂದಕ್ಕೆ ಬಂದ ಖಾಲಿ ಡಬ್ಬ ಎಷ್ಟು ಎಂಬುದೂ ವರದಿಯಲ್ಲಿ ಅಚ್ಚಾಗಲಿ.

ಒಂದೇ ಹೋಬಳಿಯಲ್ಲಿ, ಅಡಿಕೆಗೆ ಮಾತ್ರ, ಬೋರ್ಡೋಗೆ ಮಾತ್ರ, ಒಂದು ವರ್ಷ ಮಾಡಿ ನೋಡೋಣ. ಊರಿನ ಕೊನೆಗಾರರನ್ನೇ ತಂಡ ಮಾಡಿ, ದೋಟಿಯಿಂದ ಹೊಡೆಯುವ ತರಬೇತಿ ಕೊಡಿಸಿ, ಅವರಿಗೆ ಅಪಘಾತ ವಿಮೆಯನ್ನು ಸಂಘವೇ ಮಾಡಿಸಲಿ. ಸರದಿ ಎಕರೆಯ ಗಾತ್ರ ನೋಡಿ ಅಲ್ಲ, ಕೇರಿಯ ಸಾಲು ಹಿಡಿದು ನಡೆಯಲಿ. ಪಟ್ಟಿಯನ್ನು ಮೇ ತಿಂಗಳಿನಲ್ಲೇ ಸಂಘದ ಬಾಗಿಲಿಗೆ ಅಂಟಿಸಲಿ. ಪಂಪು ಇದ್ದವರು ಆ ವರ್ಷ ಮಾರದೆ ಇಟ್ಟುಕೊಳ್ಳುವುದು ಲೇಸು.

ಮಹಾಸಭೆಗೆ ಬರುವ ಸದಸ್ಯರು ಎರಡು ಚೀಟಿ ತರಬೇಕೆಂದು ಕೋರುತ್ತೇವೆ. ಒಂದರಲ್ಲಿ ಕಳೆದ ಮಳೆಗಾಲದಲ್ಲಿ ತಮ್ಮ ತೋಟಕ್ಕೆ ಹೋದ ಬ್ಯಾರೆಲ್ ಎಷ್ಟು, ಮರ ಎಷ್ಟು ಎಂದಿರಲಿ. ಇನ್ನೊಂದರಲ್ಲಿ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ಉಳಿದ ಹಳೆಯ ಔಷಧಿಗಳ ಹೆಸರು. ಹೆಸರಿನ ಚೀಟಿ ಹರಿದುಹೋದ ಡಬ್ಬವಿದ್ದರೆ ಬಿಚ್ಚಿ ನೋಡಬೇಡಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, 'ಗೊತ್ತಿಲ್ಲ' ಎಂದೇ ಬರೆದು ತನ್ನಿ.