ಉತ್ತರವೇ ವಿದ್ಯೆಯಲ್ಲ

ಕೃತಕ ಬುದ್ಧಿಮತ್ತೆಯಿಲ್ಲದ ಶಾಲೆ ಶಾಲೆಯೇ ಅಲ್ಲವೆಂಬ ಮಾತು ಈಗ ಆಡಳಿತ ಮಂಡಳಿಗಳ ಸಭೆಗಳಲ್ಲಿಯೂ ಕೇಳಿಬರುತ್ತಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಿತು. 2026-27ರಿಂದ ಮೂರನೆಯ ತರಗತಿಯಿಂದಲೇ ಈ ವಿಷಯವನ್ನು ಬೋಧಿಸಲಾಗುವುದೆಂದು ಕೇಂದ್ರ ಶಿಕ್ಷಣ ಸಚಿವಾಲಯವು 2025ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಯಂತ್ರದ ವಿಚಾರವನ್ನು ಮಕ್ಕಳಿಗೆ ತಿಳಿಸುವುದು ಬೇರೆ, ಮಕ್ಕಳ ಬದಲು ಯಂತ್ರವೇ ಯೋಚಿಸುವುದು ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವವರ ವಾದವನ್ನು ನಾನು ಒಪ್ಪಲಾರೆ.

ತತ್ತ್ವಾರ್ಥಸೂತ್ರವು ಮತಿಜ್ಞಾನಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳುತ್ತದೆ: ಅವಗ್ರಹ, ಈಹೆ, ಅವಾಯ, ಧಾರಣೆ. ವಸ್ತುವು ಮೊದಲು ತೋರುತ್ತದೆ, ಅದೇನಿರಬಹುದೆಂದು ಮನಸ್ಸು ಅರಸುತ್ತದೆ, ಬಳಿಕ ನಿಶ್ಚಯ, ಕಡೆಗೆ ಅದು ನೆನಪಿನಲ್ಲಿ ನೆಲೆಸುತ್ತದೆ. ಬಿಡಿಸಲಾಗದ ಲೆಕ್ಕದ ಮುಂದೆ ಕುಳಿತು ತಲೆ ಕೆರೆದುಕೊಳ್ಳುವ ಮಗು ಈಹೆಯಲ್ಲಿದೆ. ಆ ಗಳಿಗೆಯಲ್ಲಿಯೇ ಉತ್ತರವನ್ನು ಕೈಗಿತ್ತರೆ ಎರಡನೆಯ ಮೆಟ್ಟಿಲು ಮುರಿಯಿತು. ನಾಲ್ಕನೆಯದನ್ನು ಅದು ಏರುವುದೆಂತು?

ಇದು ಹಳೆಯ ಶಾಸ್ತ್ರದ ಮಾತೆನ್ನುವವರು ಹೊಸ ಪ್ರಯೋಗವೊಂದನ್ನು ನೋಡಲಿ. ತುರ್ಕಿಯ ಪ್ರೌಢಶಾಲೆಯಲ್ಲಿ ಸುಮಾರು 1000 ವಿದ್ಯಾರ್ಥಿಗಳ ಗಣಿತಾಭ್ಯಾಸವನ್ನು ಪರಿಶೀಲಿಸಿದ ಅಧ್ಯಯನವು 2025ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೇಳಿದೊಡನೆ ಉತ್ತರಿಸುವ ಯಂತ್ರವನ್ನು ಬಳಸಿದವರು ಅಭ್ಯಾಸದಲ್ಲಿ ಶೇಕಡಾ 48ರಷ್ಟು ಮುಂದಿದ್ದರು. ಯಂತ್ರವನ್ನು ಹಿಂತೆಗೆದುಕೊಂಡು ಪರೀಕ್ಷಿಸಿದಾಗ, ಅದನ್ನು ಮುಟ್ಟದವರಿಗಿಂತ ಶೇಕಡಾ 17ರಷ್ಟು ಹಿಂದೆ ಬಿದ್ದರು. ವ್ಯಾಪಾರಿಯ ಭಾಷೆಯಲ್ಲಿ ಇದು ಜಮೆಯ ಕಡೆಗೆ ಬರೆದ ಸಾಲ. ಶಿಕ್ಷಕರು ರೂಪಿಸಿದ ಸುಳಿವುಗಳನ್ನಷ್ಟೇ ಕೊಡುವ ಯಂತ್ರವನ್ನು ಬಳಸಿದವರಿಗೆ ಈ ಹಾನಿ ಬಹುಮಟ್ಟಿಗೆ ತಪ್ಪಿತು. ಅಲ್ಲಿ ಈಹೆಯು ಮಗುವಿನದಾಗಿಯೇ ಉಳಿದಿತ್ತು.

ಯಂತ್ರಗಳೆಲ್ಲ ತ್ಯಾಜ್ಯವೆಂಬುದು ನನ್ನ ಅಭಿಪ್ರಾಯವಲ್ಲ. ಅಂಧ ವಿದ್ಯಾರ್ಥಿಗೆ ಪಾಠವನ್ನು ಓದಿ ಹೇಳುವ ಸಾಧನವು ನಿಜವಾದ ಉಪಕಾರಿ. ಆದರೆ "ನಮ್ಮ ಮಕ್ಕಳು ಹಿಂದೆ ಬಿದ್ದಾರು" ಎಂಬ ಭಯವನ್ನು ಬಿತ್ತಿ ಸರಕು ಮಾರುವವರ ಮುಂದೆ ವಿವೇಕವನ್ನು ಒತ್ತೆಯಿಡಬಾರದು. ತರಗತಿಯಲ್ಲಿ ಇಂತಹ ಸಾಧನಗಳ ಬಳಕೆಗೆ ಕನಿಷ್ಠ 13 ವರ್ಷದ ಮಿತಿಯಿರಲೆಂದು ಯುನೆಸ್ಕೋ 2023ರಲ್ಲಿಯೇ ಸೂಚಿಸಿದೆ. ಎಂಟು ವರ್ಷದ ಮಗುವಿನ ಕೈಗೆ ಅದನ್ನಿಡಲು ನಮಗೇಕೆ ಆತುರ?

ಶಾಲೆ ನಡೆಸುವ ಧರ್ಮದರ್ಶಿಗಳು ಚೆಕ್ಕಿಗೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಲಿ. ಈ ಸಾಧನವು ಕೊಡುವುದು ಉತ್ತರವನ್ನೋ, ಸುಳಿವನ್ನೋ? ಅದನ್ನು ಬದಿಗಿಟ್ಟು ಪರೀಕ್ಷಿಸಿದರೆ ಮಗು ಏನನ್ನು ಬಲ್ಲದು? ಇದೇ ಹಣದಲ್ಲಿ ಒಬ್ಬ ಒಳ್ಳೆಯ ಶಿಕ್ಷಕರನ್ನು ನೇಮಿಸಬಹುದಲ್ಲವೇ? ಇವಕ್ಕೆ ಸಮಾಧಾನ ದೊರೆಯದಿದ್ದಲ್ಲಿ, ಸಮಾಜವು ಶಾಸ್ತ್ರದಾನವೆಂದು ನಂಬಿ ಕೊಟ್ಟ ಹಣವನ್ನು ಅದಕ್ಕೆ ವೆಚ್ಚ ಮಾಡುವ ಅಧಿಕಾರ ಯಾವ ಟ್ರಸ್ಟಿಗೂ ಇಲ್ಲ.