ಪ್ರಬಂಧಕ್ಕೊಂದು ಪಕ್ಷ ಬೇಡವೇ?

ಹತ್ತನೇ ಕ್ಲಾಸಿನ ಕನ್ನಡ ಪ್ರಬಂಧ ಗೊತ್ತಲ್ಲ? ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ವಿಷಯಗಳೂ ಅವೇ: ಗ್ರಂಥಾಲಯಗಳ ಮಹತ್ವ, ಪರಿಸರ ಮಾಲಿನ್ಯ, ರಾಷ್ಟ್ರೀಯ ಹಬ್ಬಗಳು. ತುಸು ಧೈರ್ಯ ಮಾಡಿದರೆ 'ದೂರದರ್ಶನದ ಸಾಧಕ ಬಾಧಕಗಳು'. ನಾಲ್ಕು ಸಾಧಕ, ನಾಲ್ಕು ಬಾಧಕ, ಕೊನೆಗೆ 'ಇತಿಮಿತಿಯಲ್ಲಿ ಬಳಸಿದರೆ ಒಳಿತು'. ಅಲ್ಲಾ ಸ್ವಾಮಿ, ಹಾಗಾದರೆ ಟಿವಿ ಮನೆಗೆ ಬೇಕೋ ಬೇಡವೋ?

ಇದರ ಫಲ ಆಫೀಸಿನಲ್ಲಿ ದಿನಾ ನೋಡ್ತೀನಿ. ಇಂಜಿನಿಯರಿಂಗ್ ಮುಗಿಸಿ ಬಂದ ಹುಡುಗರಿಗೆ ಒಂದು ಡಿಸೈನ್ ಡಾಕ್ಯುಮೆಂಟ್ ಬರೆಯೋಕೆ ಹೇಳಿದರೆ ಸಾಧಕ-ಬಾಧಕದ ಟೇಬಲ್ ಮಾಡಿಕೊಂಡು ಬರ್ತಾರೆ. ಯಾವುದು ಆಗಬಹುದಪ್ಪಾ ಅಂದರೆ, 'ಎರಡೂ ಓಕೆ ಸಾರ್' :)

ಪೀಠಿಕೆ, ಉಪಸಂಹಾರಗಳ ಮೇಲೆ ನನಗೇನೂ ಸಿಟ್ಟಿಲ್ಲ. ನನ್ನ ತಕರಾರು ವಿಷಯದ ಮೇಲೆ. ಗ್ರಂಥಾಲಯಕ್ಕೆ ಮಹತ್ವ ಇಲ್ಲ ಅನ್ನುವವರು ಯಾರಿದ್ದಾರೆ? ಎದುರಾಳಿಯೇ ಇಲ್ಲದ ಕಡೆ ಯಾರನ್ನು ಒಪ್ಪಿಸುವುದು? ಗೈಡಿನಲ್ಲಿರೋದನ್ನು ಉರು ಹೊಡೆದು ಇಳಿಸಬೇಕು, ಅಷ್ಟೇ.

ಅದೇ ವಿಷಯವನ್ನು ಸ್ವಲ್ಪ ತಿರುಗಿಸಿ: 'ನಮ್ಮೂರ ಪಂಚಾಯ್ತಿ ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿರಬೇಕು.' ಈಗ ನೋಡಿ ಮಜಾ. ಒಪ್ಪಿಸಬೇಕಾದವರು ಪಿಡಿಓ ಮತ್ತು ಪಂಚಾಯ್ತಿ ಸದಸ್ಯರು. ಅವರು ಏನನ್ನಬಹುದು? ಕತ್ತಲಾದ ಮೇಲೆ ಯಾರು ಬರ್ತಾರೆ, ಹೆಚ್ಚಿನ ಹೊತ್ತಿಗೆ ಸಂಬಳ ಯಾರು ಕೊಡ್ತಾರೆ, ಹೆಣ್ಣುಮಕ್ಕಳು ಮನೆಗೆ ಹೇಗೆ ಹೋಗ್ತಾರೆ. ಈ ಮೂರನ್ನೂ ಮೊದಲು ಹಾಳೆಯ ಒಂದು ಬದಿಗೆ ಬರೆದುಕೊಳ್ಳಬೇಕು, ಉತ್ತರ ಇನ್ನೊಂದು ಬದಿಗೆ. ಉತ್ತರ ಕೂತಲ್ಲೇ ಹುಟ್ಟಲ್ಲ. ಒಂದು ವಾರ ಹೋಗಿ, ಬಾಗಿಲು ಹಾಕುವ ಹೊತ್ತಿಗೆ ಎಷ್ಟು ಜನ ಇನ್ನೂ ಓದುತ್ತಾ ಕೂತಿದ್ದರು ಅಂತ ಎಣಿಸಬೇಕು. ಎಣಿಸಿದ ಮೇಲೆ ಏಳು ಗಂಟೆಯೇ ಸಾಕು ಅನ್ನಿಸಿದರೆ ಮೊದಲ ಸಾಲನ್ನೇ ತಿದ್ದಬೇಕು.

ಇದೇನು ಹೊರಗಿಂದ ತಂದ ವಿದ್ಯೆಯಲ್ಲ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ ಹೇಳಿಯೇ ಸಿದ್ಧಾಂತಕ್ಕೆ ಬರುವ ಕ್ರಮವಿದೆ. ಕರಾವಳಿಯ ತಾಳಮದ್ದಲೆ ಕೇಳಿದ್ದೀರಾ? ವೇಷವಿಲ್ಲ, ಕುಣಿತವಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಅಂತ ವಾಲಿಯ ಅರ್ಥಧಾರಿ ಕೇಳುವಾಗ ವಾಲಿಯದೇ ಸರಿ ಅನ್ನಿಸಿಬಿಡುತ್ತೆ; ರಾಮ ಮಾತಿನಲ್ಲೇ ಉತ್ತರ ಕೊಡಬೇಕು. ಎ.ಎನ್. ಮೂರ್ತಿರಾಯರ 'ದೇವರು' (1991) ದೇವರಿಲ್ಲ ಅಂತ ಇಡೀ ಪುಸ್ತಕ ವಾದಿಸುತ್ತೆ. ಅಷ್ಟೇಕೆ, ಶಾಲೆಗಳಲ್ಲೇ ಚರ್ಚಾಸ್ಪರ್ಧೆ ಇದೆಯಲ್ಲ. ಮೈಕಿನ ಮುಂದೆ ಎದುರು ಪಕ್ಷದವರ ಬೆವರಿಳಿಸಿದ ಹುಡುಗಿ ಮರುದಿನ ಪರೀಕ್ಷೆಯಲ್ಲಿ 'ಗ್ರಂಥಾಲಯವು ಜ್ಞಾನ ಭಂಡಾರ' ಅಂತ ಬರೀಬೇಕು!

ಮೇಷ್ಟ್ರುಗಳ ಪೂರ್ವಪಕ್ಷವೂ ಗೊತ್ತು: ರಾಶಿ ಉತ್ತರಪತ್ರಿಕೆ, ಒಬ್ಬೊಬ್ಬರು ಒಂದೊಂದು ಬರೆದರೆ ಅಂಕ ಕೊಡೋದು ಹೇಗೆ? ಸ್ಪಷ್ಟ ನಿಲುವಿದೆಯೇ, ಎದುರು ವಾದವನ್ನು ತಿರುಚದೆ ಹೇಳಿದೆಯೇ, ಆಧಾರ ಕೊಟ್ಟು ಉತ್ತರಿಸಿದೆಯೇ, ಇಷ್ಟು ನೋಡಿದರೆ ಸಾಕು. ನಿಲುವು ಮೇಷ್ಟ್ರಿಗೆ ಹಿಡಿಸದಿದ್ದರೂ ಪೂರ್ತಿ ಅಂಕ ಕೊಡಬೇಕಾಗುತ್ತೆ. ನಿಜವಾದ ಕಷ್ಟ ಅದೇ ಇರಬೇಕು ಅಂತ ನನ್ನ ಗುಮಾನಿ.